ಕಲಿಸುವ ಮುನ್ನ ಕೇಳಿಸಿಕೊಳ್ಳೋಣ

ಕುಟುಂಬ ಪಾಠ. ಮನೆಮಂದಿ ಒಟ್ಟಾಗಿ ಓದಿಕೊಳ್ಳಬೇಕಾದ ಭಾಗ: ಸಂತ ಲೂಕನ ಶುಭಸಂದೇಶ, ಅಧ್ಯಾಯ 2, ವಚನ 41ರಿಂದ 52.

ಪಾಸ್ಖ ಹಬ್ಬ ಮುಗಿಸಿ ಊರಿಗೆ ಹೊರಟ ಒಂದು ಕುಟುಂಬ. ಒಂದು ದಿನದ ದಾರಿ ನಡೆದ ಮೇಲೆ ಹನ್ನೆರಡು ವರ್ಷದ ಮಗ ಜೊತೆಯಲ್ಲಿಲ್ಲವೆಂದು ತಂದೆತಾಯಿಗೆ ತಿಳಿಯುತ್ತದೆ. ನೆಂಟರಿಷ್ಟರ ನಡುವೆ ಹುಡುಕುತ್ತಾರೆ, ಸಿಗುವುದಿಲ್ಲ. ಬಂದ ದಾರಿಯನ್ನೇ ಹಿಡಿದು ಜೆರುಸಲೇಮಿಗೆ ಮರಳುತ್ತಾರೆ. ಮೂರು ದಿನಗಳ ಮೇಲೆ ಮಗ ಮಹಾದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರ ಮಾತನ್ನು ಕೇಳುತ್ತಾ, ಅವರಿಗೆ ಪ್ರಶ್ನೆಗಳನ್ನು ಹಾಕುತ್ತಾ ಇರುವುದನ್ನು ಕಾಣುತ್ತಾರೆ.

ಜಪಸರದ ಸಂತೋಷದ ರಹಸ್ಯಗಳಲ್ಲಿ ಐದನೆಯದಾಗಿ ನಾವು ಈ ಘಟನೆಯನ್ನು ಧ್ಯಾನಿಸುತ್ತೇವೆ. ಆದರೆ ತಂದೆತಾಯಿಗಳಾಗಿ ಇದನ್ನು ಓದಿದ್ದೇವೆಯೇ? ಇಲ್ಲಿ ಮರಿಯಮ್ಮನವರು ಮಾಡಿದ ಮೂರು ಕೆಲಸಗಳನ್ನು ಗಮನಿಸಿ. ಮೊದಲನೆಯದು, ತಮಗಾದ ನೋವನ್ನು ಮುಚ್ಚಿಡದೆ ಮಗನಿಗೆ ಹೇಳಿದರು; ಹೀಗೇಕೆ ಮಾಡಿದೆ ಎಂದು ಕೇಳಿದರು. ಎರಡನೆಯದು, ಮಗನ ಉತ್ತರಕ್ಕೆ ಎಡೆಕೊಟ್ಟರು. ಆ ಉತ್ತರ ಅವರಿಬ್ಬರಿಗೂ ಅರ್ಥವಾಗಲಿಲ್ಲವೆಂದು ಸಂತ ಲೂಕನು ಸಂಕೋಚವಿಲ್ಲದೆ ಬರೆಯುತ್ತಾನೆ. ಮೂರನೆಯದು, ಅರ್ಥವಾಗದ ಆ ಮಾತನ್ನು ತಳ್ಳಿಹಾಕದೆ ಹೃದಯದಲ್ಲಿ ಇಟ್ಟುಕೊಂಡರು.

ಪವಿತ್ರ ಕುಟುಂಬದಲ್ಲೂ ಮಗನ ಮಾತು ತಂದೆತಾಯಿಗೆ ಅರ್ಥವಾಗದ ದಿನವೊಂದು ಇತ್ತು ಎಂಬುದು ನಮಗೆಲ್ಲ ಸಮಾಧಾನ ತರುವ ಸಂಗತಿ. ಅರ್ಥವಾಗದಿದ್ದಾಗ ಏನು ಮಾಡಬೇಕು ಎಂಬುದೇ ಇಂದಿನ ಪಾಠ.

ಶಾಲೆಯಿಲ್ಲದ ಕಲಿಕೆ ಎಂದರೇನು?

‘ಅನ್‌ಸ್ಕೂಲಿಂಗ್’ ಎಂಬ ಮಾತು ಈಗ ನಮ್ಮ ನಗರಗಳಲ್ಲೂ ಕೇಳಿಬರುತ್ತಿದೆ. ಇದು ಮನೆಪಾಠವಲ್ಲ. ಮನೆಯಲ್ಲೇ ಪಠ್ಯಪುಸ್ತಕ, ವೇಳಾಪಟ್ಟಿ, ಪರೀಕ್ಷೆ ಇಟ್ಟುಕೊಂಡು ಕಲಿಸುವುದು ಒಂದು ಬಗೆ. ಮಗುವಿನ ಕುತೂಹಲ ಹೋದ ಕಡೆ ಕಲಿಕೆಯೂ ಹೋಗಲಿ, ದಿನನಿತ್ಯದ ಬದುಕೇ ಪಾಠವಾಗಲಿ, ದೊಡ್ಡವರು ಜೊತೆಗಾರರಾಗಿರಲಿ ಎಂಬುದು ಇನ್ನೊಂದು ಬಗೆ. ಅನ್‌ಸ್ಕೂಲಿಂಗ್ ಎನ್ನುವುದು ಈ ಎರಡನೆಯದನ್ನು.

ಈ ಪದವನ್ನು ಬಳಕೆಗೆ ತಂದವರು ಅಮೆರಿಕದ ಶಾಲಾ ಶಿಕ್ಷಕ ಜಾನ್ ಹೋಲ್ಟ್ (1923–1985). ತರಗತಿಯಲ್ಲಿ ಕುಳಿತ ಮಕ್ಕಳನ್ನು ಅವರು ವರ್ಷಗಟ್ಟಲೆ ಸೂಕ್ಷ್ಮವಾಗಿ ಗಮನಿಸಿದರು. ಅನೇಕ ಮಕ್ಕಳು ಲೆಕ್ಕವನ್ನು ಯೋಚಿಸುತ್ತಿರಲಿಲ್ಲ. ಟೀಚರ್ ಯಾವ ಉತ್ತರವನ್ನು ಬಯಸುತ್ತಾರೆ ಎಂದು ಅವರ ಮುಖ ನೋಡಿ ಊಹಿಸುತ್ತಿದ್ದರು. ತಪ್ಪಾದರೆ ಎಂಬ ಭಯವೇ ಅವರ ಬುದ್ಧಿಯನ್ನು ಕಟ್ಟಿಹಾಕಿತ್ತು. ಮಕ್ಕಳು ಏಕೆ ಸೋಲುತ್ತಾರೆ ಎಂಬುದರ ಬಗ್ಗೆ 1964ರಲ್ಲೂ, ಹೇಗೆ ಕಲಿಯುತ್ತಾರೆ ಎಂಬುದರ ಬಗ್ಗೆ 1967ರಲ್ಲೂ ಅವರು ಪುಸ್ತಕಗಳನ್ನು ಹೊರತಂದರು. ಮೊದಮೊದಲು ಶಾಲೆಯನ್ನು ತಿದ್ದಬಹುದೆಂದು ನಂಬಿದ್ದರು. ಆ ನಂಬಿಕೆ ಕುಂದಿದ ಮೇಲೆ, ಮಕ್ಕಳನ್ನು ಮನೆಯಲ್ಲೇ ಬೆಳೆಸುವ ಕುಟುಂಬಗಳಿಗಾಗಿ 1977ರಲ್ಲಿ ಒಂದು ಪತ್ರಿಕೆಯನ್ನು ಆರಂಭಿಸಿದರು.

ಅದಕ್ಕೂ ಮೊದಲೇ ಇದೇ ಪ್ರಶ್ನೆಯನ್ನು ಎತ್ತಿದವರು ಒಬ್ಬ ಕಥೋಲಿಕ ಗುರುಗಳಾಗಿದ್ದರು. ವಿಯೆನ್ನಾದಲ್ಲಿ 1926ರಲ್ಲಿ ಜನಿಸಿದ ಇವಾನ್ ಇಲಿಚ್ ನ್ಯೂಯಾರ್ಕಿನ ಬಡ ವಲಸೆಗಾರರ ನಡುವೆ, ಅನಂತರ ಪೋರ್ಟೊ ರಿಕೊ ಮತ್ತು ಮೆಕ್ಸಿಕೊಗಳಲ್ಲಿ ಸೇವೆ ಸಲ್ಲಿಸಿದವರು. 1969ರಲ್ಲಿ ಅವರು ಯಾಜಕತ್ವದ ಬಹಿರಂಗ ಸೇವೆಯಿಂದ ಹಿಂದೆ ಸರಿದರು. 1971ರಲ್ಲಿ ಪ್ರಕಟವಾದ ಅವರ ಶಾಲಾಮುಕ್ತ ಸಮಾಜದ ಕುರಿತ ಪುಸ್ತಕ ಲೋಕದೆಲ್ಲೆಡೆ ಚರ್ಚೆಯೆಬ್ಬಿಸಿತು. ಅವರ ಮಾತಿನ ಸಾರ ಇಷ್ಟು: ಕಲಿಸಿದ್ದೆಲ್ಲ ಕಲಿತದ್ದೆಂದು, ಮೇಲಿನ ತರಗತಿಗೆ ಹೋದದ್ದೇ ಬೆಳವಣಿಗೆಯೆಂದು, ಸರ್ಟಿಫಿಕೇಟೇ ಸಾಮರ್ಥ್ಯವೆಂದು ನಾವು ತಿಳಿಯತೊಡಗಿದ್ದೇವೆ. ಬಡವರ ಮಕ್ಕಳು ಅರ್ಧಕ್ಕೆ ಶಾಲೆ ಬಿಟ್ಟಾಗ ಅವರಿಗೆ ಉಳಿಯುವುದು ವಿದ್ಯೆಯಲ್ಲ, ತಾವು ದಡ್ಡರೆಂಬ ಭಾವನೆ.

ಇಲಿಚ್ ಅವರ ಎಲ್ಲ ತೀರ್ಮಾನಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಟ್ಯೂಷನ್, ರ‍್ಯಾಂಕು, ಎಸ್.ಎಸ್.ಎಲ್.ಸಿ. ಶೇಕಡಾವಾರು ಎಂದು ನಮ್ಮ ಮನೆಗಳೇ ಶಾಲೆಯ ಎರಡನೆಯ ಪಾಳಿಯಾಗಿ ಹೋಗಿರುವಾಗ ಈ ಪ್ರಶ್ನೆ ನಮ್ಮನ್ನೂ ತಟ್ಟಬೇಕು. ಮಗು ಶಾಲೆಗೆ ಹೋಗುವುದು ಬೇರೆ, ಮನೆಯೂ ಶಾಲೆಯಾಗುವುದು ಬೇರೆ.

ಧರ್ಮಸಭೆ ಏನು ಹೇಳುತ್ತದೆ?

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ತಂದೆತಾಯಿಗಳನ್ನೇ ಮಕ್ಕಳ ಮೊದಲ ಹಾಗೂ ಪ್ರಮುಖ ಶಿಕ್ಷಕರೆಂದು ಕರೆದಿದೆ. ಈ ಕೆಲಸ ಮನೆಯಲ್ಲಿ ತಪ್ಪಿಹೋದರೆ ಬೇರೆಲ್ಲೂ ಅದನ್ನು ತುಂಬಿಕೊಡುವುದು ಬಹಳ ಕಷ್ಟವೆಂದೂ ಎಚ್ಚರಿಸಿದೆ. ಸಂತ ಎರಡನೆಯ ಜಾನ್ ಪೌಲರು 1981ರಲ್ಲಿ ಕುಟುಂಬವನ್ನು ಕುರಿತು ಬರೆದ ಪ್ರಬೋಧನಾ ಪತ್ರದಲ್ಲಿ, ಈ ಹಕ್ಕು ಮತ್ತು ಹೊಣೆಯನ್ನು ಪೂರ್ತಿಯಾಗಿ ಬೇರೆಯವರಿಗೆ ವಹಿಸಿಬಿಡುವಂತಿಲ್ಲ, ಬೇರೆಯವರು ಕಸಿದುಕೊಳ್ಳುವಂತೆಯೂ ಇಲ್ಲ ಎಂದು ಸ್ಪಷ್ಟಪಡಿಸಿದರು.

ಶಾಲೆ, ಧರ್ಮೋಪದೇಶದ ತರಗತಿ, ಗುರುಗಳು, ಸಿಸ್ಟರ್‌ಗಳು ಇವರೆಲ್ಲರೂ ನಮ್ಮ ಸಹಾಯಕರು. ಫೀಸು ಕಟ್ಟಿದ ಮಾತ್ರಕ್ಕೆ ನಮ್ಮ ಹೊಣೆ ತೀರುವುದಿಲ್ಲ. ಭಾನುವಾರ ಮಗುವನ್ನು ಧರ್ಮೋಪದೇಶಕ್ಕೆ ಬಿಟ್ಟು, ಗೇಟಿನ ಹೊರಗೆ ಸ್ಕೂಟರಿನ ಮೇಲೆ ಕುಳಿತು ಮೊಬೈಲ್ ನೋಡುವ ತಂದೆಯೂ ಆ ಹೊತ್ತಿನಲ್ಲಿ ಒಂದು ಪಾಠವನ್ನು ಕಲಿಸುತ್ತಿದ್ದಾನೆ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (1992) ಇನ್ನೊಂದು ಮಾತನ್ನು ಸೇರಿಸುತ್ತದೆ. ತಮ್ಮ ತಪ್ಪುಗಳನ್ನು ಮಕ್ಕಳ ಮುಂದೆ ಒಪ್ಪಿಕೊಳ್ಳಬಲ್ಲ ತಂದೆತಾಯಿಗಳೇ ಮಕ್ಕಳನ್ನು ಚೆನ್ನಾಗಿ ನಡೆಸಬಲ್ಲರು, ತಿದ್ದಬಲ್ಲರು ಎಂಬುದು ಅದರ ಅಭಿಪ್ರಾಯ. ಪೋಪ್ ಫ್ರಾನ್ಸಿಸ್ 2016ರ ತಮ್ಮ ಪತ್ರದಲ್ಲಿ ಮಕ್ಕಳ ಶಿಕ್ಷಣಕ್ಕೆ ಒಂದು ಇಡೀ ಅಧ್ಯಾಯವನ್ನು ಮೀಸಲಿಟ್ಟರು. ಮಗು ಎಲ್ಲಿದೆ, ಯಾರ ಜೊತೆಗಿದೆ ಎಂದು ಸದಾ ಕಾವಲು ಕಾಯುವುದು ಶಿಕ್ಷಣವಲ್ಲ. ಮಗುವಿನ ಮನಸ್ಸು ಎಲ್ಲಿದೆ, ಅದರ ಆಸೆ ಏನು, ಅದು ಯಾವ ಕಡೆಗೆ ಸಾಗುತ್ತಿದೆ ಎಂದು ತಿಳಿಯುವುದು ಮುಖ್ಯ ಎಂಬುದು ಅವರ ಬೋಧನೆಯ ತಿರುಳು.

ವೇಳಾಪಟ್ಟಿ ಇಲ್ಲದ ಪಾಠಗಳು

ಯೇಸುಸ್ವಾಮಿಯ ಸಾಮತಿಗಳನ್ನು ನೆನೆಯಿರಿ. ಹಿಟ್ಟಿನಲ್ಲಿ ಬೆರೆಸಿದ ಹುಳಿ, ದೀಪ ಹಚ್ಚಿ ಮನೆ ಗುಡಿಸಿ ಹುಡುಕಿದ ನಾಣ್ಯ, ಹಳೆಯ ಬಟ್ಟೆಗೆ ಹಾಕಿದ ಹೊಸ ತೇಪೆ, ಬಿತ್ತಿದ ಬೀಜ, ಮಧ್ಯರಾತ್ರಿ ಬಾಗಿಲು ತಟ್ಟಿ ರೊಟ್ಟಿ ಕೇಳುವ ನೆರೆಯವನು. ಇವೆಲ್ಲ ಒಂದು ಸಾಧಾರಣ ಮನೆಯಲ್ಲಿ, ಒಂದು ಸಣ್ಣ ಊರಿನಲ್ಲಿ ಕಣ್ಣಾರೆ ಕಾಣುವ ಸಂಗತಿಗಳು. ತಾಯಿ ಹಿಟ್ಟು ನಾದುವುದನ್ನು ನೋಡುತ್ತಾ ನಿಲ್ಲಲು ಮಗುವಿಗೆ ಬಿಡುವಿತ್ತು.

ನಮ್ಮ ಅಡಿಗೆಮನೆಯಲ್ಲೂ ಪಾಠಕ್ಕೆ ಕೊರತೆಯಿಲ್ಲ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿರುವುದನ್ನು ಮಗು ನೋಡಲಿ. ಚಳಿಗಾಲದಲ್ಲಿ ಏಕೆ ತಡವಾಗಿ ಉಬ್ಬುತ್ತದೆಂದು ತಾನೇ ಕೇಳುತ್ತದೆ. ನೂರು ರೂಪಾಯಿ ಕೊಟ್ಟು ತರಕಾರಿ ತರಲು ಕಳುಹಿಸಿದರೆ ಕೂಡುವ, ಕಳೆಯುವ ಲೆಕ್ಕದ ಜೊತೆಗೆ, ಚಿಲ್ಲರೆ ಹೆಚ್ಚಾಗಿ ಬಂದಾಗ ಹಿಂದಿರುಗಿಸುವ ಪ್ರಾಮಾಣಿಕತೆಯ ಪ್ರಶ್ನೆಯೂ ಎದುರಾಗುತ್ತದೆ. ಸೈಕಲ್ ಪಂಕ್ಚರ್ ಹಾಕುವ ಅಂಗಡಿಯಲ್ಲಿ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುವುದು ವಿಜ್ಞಾನ. ಹಾಸಿಗೆ ಹಿಡಿದ ನೆರೆಮನೆಯ ಅಜ್ಜಿಗೆ ಗಂಜಿ ಕೊಂಡೊಯ್ಯುವುದು ಧರ್ಮೋಪದೇಶ. ಸತ್ತವರ ಮನೆಗೆ ಮಕ್ಕಳನ್ನು ಕರೆದೊಯ್ದು, ಪ್ರಾರ್ಥನೆಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡರೆ, ನಿತ್ಯಜೀವವನ್ನು ಕುರಿತ ಪಾಠಕ್ಕೆ ಅಲ್ಲಿಂದಲೇ ಆರಂಭ.

ಕಥೋಲಿಕ ಶಿಕ್ಷಣ ತಜ್ಞೆ ಮರಿಯಾ ಮಾಂಟೆಸ್ಸೊರಿ (1870–1952) ಈ ಸತ್ಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ರೋಮಿನ ಬಡ ಬಡಾವಣೆಯೊಂದರಲ್ಲಿ 1907ರಲ್ಲಿ ಮಕ್ಕಳ ಮನೆಯನ್ನು ತೆರೆದ ಅವರು 1939ರಲ್ಲಿ ನಮ್ಮ ದೇಶಕ್ಕೆ ಬಂದು, ಯುದ್ಧದ ವರ್ಷಗಳನ್ನು ಮದ್ರಾಸ್ ಮತ್ತು ಕೊಡೈಕನಾಲ್‌ಗಳಲ್ಲಿ ಶಿಕ್ಷಕರಿಗೆ ತರಬೇತಿ ನೀಡುತ್ತಾ ಕಳೆದರು. ಸ್ಪೇನಿನ ಬಾರ್ಸಿಲೋನಾದಲ್ಲಿ ಅವರ ಪದ್ಧತಿಯಂತೆ ನಡೆದ ಶಾಲೆಯಲ್ಲಿ ಮಕ್ಕಳು ತಾವೇ ಗೋಧಿ ಮತ್ತು ದ್ರಾಕ್ಷಿಯನ್ನು ಬೆಳೆಸಿದರು. ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲಿಂದ ಬರುತ್ತವೆಂದು ಆ ಮಕ್ಕಳಿಗೆ ಕೈಯಿಂದಲೇ ಗೊತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮನೆಯಲ್ಲಿ ಕಲಿಕೆಯಿದೆ ಎಂದು ತಿಳಿದೊಡನೆ ನಾವು ಎಲ್ಲವನ್ನೂ ಪರೀಕ್ಷೆ ಮಾಡಿಬಿಡುತ್ತೇವೆ. ತಟ್ಟೆಯಲ್ಲಿ ಎಷ್ಟು ಇಡ್ಲಿ ಇದೆ, ಇಂಗ್ಲಿಷಿನಲ್ಲಿ ಹೇಳು. ಚಿಕ್ಕಪ್ಪನ ಮುಂದೆ ಮಗ್ಗಿ ಒಪ್ಪಿಸು. ಹೋದ ವಾರ ಹೇಳಿಕೊಟ್ಟದ್ದು ಮರೆತುಹೋಯಿತೇ? ಹೀಗೆ ಬೆನ್ನು ಹತ್ತಿದರೆ ಮಗು ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತದೆ. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ ಮಗಾ, ಇಬ್ಬರೂ ನೋಡೋಣ’ ಎನ್ನಿ. ಆ ಮಾತಿನಿಂದ ನಿಮ್ಮ ಗೌರವ ಕಡಿಮೆಯಾಗುವುದಿಲ್ಲ.

ಸಂತ ತೆರೇಸಳ ಮನೆಯಲ್ಲಿ

ಬಾಲಯೇಸುವಿನ ಸಂತ ತೆರೇಸ (1873–1897) ನಮ್ಮೆಲ್ಲರಿಗೂ ಪರಿಚಿತಳು. ಹೂವು ಹಿಡಿದ ಅವಳ ಸ್ವರೂಪವಿಲ್ಲದ ದೇವಾಲಯ ಅಪರೂಪ. ಆದರೆ ಅವಳ ಶಾಲೆಯ ಕಥೆ ಹೆಚ್ಚಿನವರಿಗೆ ತಿಳಿದಿಲ್ಲ. ತಾಯಿ ತೀರಿಕೊಂಡ ಮೇಲೆ ಫ್ರಾನ್ಸಿನ ಲಿಸಿಯೂ ಪಟ್ಟಣದ ಮನೆಯಲ್ಲಿ ಅಕ್ಕ ಪೌಲಿನ್ ಅವಳಿಗೆ ಓದುಬರಹ ಕಲಿಸಿದಳು. ತಂದೆ ಲೂಯಿ ಮಾರ್ಟಿನ್ ಅವಳ ಕೈಹಿಡಿದು ನಡೆದಾಡಲು ಕರೆದೊಯ್ಯುತ್ತಿದ್ದರು. ಅವರು ಮೀನು ಹಿಡಿಯುವಾಗ ಅವಳು ಹುಲ್ಲಿನ ಮೇಲೆ ಕುಳಿತು ಯೋಚನೆಯಲ್ಲಿ ಮುಳುಗುತ್ತಿದ್ದಳು. ಎಂಟು ವರ್ಷವಾದ ಮೇಲೆ, 1881ರಲ್ಲಿ, ಕನ್ಯಾಸ್ತ್ರೀಯರು ನಡೆಸುತ್ತಿದ್ದ ಶಾಲೆಗೆ ಸೇರಿದಳು. ಪಾಠದಲ್ಲಿ ಮುಂದಿದ್ದರೂ ಅಲ್ಲಿ ಕಳೆದ ವರ್ಷಗಳು ತನ್ನ ಬಾಳಿನಲ್ಲೇ ಅತಿ ದುಃಖದವೆಂದು ಮುಂದೆ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಳು. 1886ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ತಂದೆ ಅವಳನ್ನು ಶಾಲೆಯಿಂದ ಬಿಡಿಸಿ ಖಾಸಗಿಯಾಗಿ ಪಾಠ ಹೇಳಿಸಿದರು. ಅದಾದ ಮೇಲೆಯೇ ಇತಿಹಾಸ ಮತ್ತು ವಿಜ್ಞಾನಗಳನ್ನು ತಿಳಿಯುವ ಹಸಿವು ಅವಳಲ್ಲಿ ಹುಟ್ಟಿತು. ತಾನಾಗಿಯೇ ಕುಳಿತು ಓದಿದಳು. ಇಷ್ಟು ಅಲ್ಪ ಕಾಲ ಶಾಲೆ ಕಂಡ ಈಕೆಯನ್ನು ಸಂತ ಎರಡನೆಯ ಜಾನ್ ಪೌಲರು 1997ರಲ್ಲಿ ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು.

ಆದರೆ ನಮ್ಮ ಪಾಠಕ್ಕೆ ಇನ್ನೂ ಹತ್ತಿರವಾದದ್ದು ಅವಳ ಅಕ್ಕ ಲಿಯೊನಿಯ ಕಥೆ.

ಲಿಯೊನಿ 1863ರಲ್ಲಿ ಹುಟ್ಟಿದವಳು. ಹುಟ್ಟಿನಿಂದ ಅಸ್ವಸ್ಥೆ, ಕಲಿಕೆಯಲ್ಲಿ ನಿಧಾನ, ಸ್ವಭಾವದಲ್ಲಿ ಹಟ. ಇಬ್ಬರು ಅಕ್ಕಂದಿರು ಓದಿದ ಕಾನ್ವೆಂಟ್ ಶಾಲೆಗೇ ಅವಳನ್ನೂ ಕಳುಹಿಸಿದರು. ಅಲ್ಲಿ ಅವಳ ದೊಡ್ಡಮ್ಮನೇ ಕನ್ಯಾಸ್ತ್ರೀಯಾಗಿದ್ದರೂ ಹುಡುಗಿಯನ್ನು ಉಳಿಸಿಕೊಳ್ಳಲಾಗದೆ ಮನೆಗೆ ಹಿಂದಿರುಗಿಸಿದರು. ತಾಯಿ ಜೆಲಿ ಮಾರ್ಟಿನ್ ಲೇಸ್ ಹೆಣೆಯುವ ಉದ್ಯಮವನ್ನು ನಡೆಸುತ್ತಾ ಬಿಡುವಿಲ್ಲದೆ ದುಡಿಯುತ್ತಿದ್ದವರು. ಒಂಬತ್ತು ಮಕ್ಕಳನ್ನು ಹೆತ್ತು ನಾಲ್ವರನ್ನು ಮಣ್ಣಿಗೆ ಕೊಟ್ಟವರು. ಅವರ ಇನ್ನೂರಕ್ಕೂ ಹೆಚ್ಚು ಪತ್ರಗಳು ಇಂದಿಗೂ ಉಳಿದಿವೆ. ಲಿಯೊನಿಯ ವಿಷಯದಲ್ಲಿ ಆ ತಾಯಿ ಪಟ್ಟ ಸಂಕಟ ಅವುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಈ ಮಗುವನ್ನು ಒಲಿಸಿಕೊಳ್ಳುವುದು ಹೇಗೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಎಲ್ಲರ ಮಾತನ್ನೂ ಮೀರುವ ಹುಡುಗಿ ಮನೆಗೆಲಸದಾಕೆಯ ಮಾತನ್ನು ಮಾತ್ರ ಕೇಳುತ್ತಿದ್ದಳು.

1877ರಲ್ಲಿ ಹಿರಿಯ ಮಗಳು ಮರಿ ಇದರ ಗುಟ್ಟನ್ನು ಕಂಡುಹಿಡಿದಳು. ಆ ಕೆಲಸದಾಕೆ ಲಿಯೊನಿಯನ್ನು ಹೊಡೆದು, ಬೆದರಿಸಿ, ತಾಯಿಯ ಬಳಿ ಸುಳಿಯದಂತೆ ತನ್ನ ಹಿಡಿತದಲ್ಲಿಟ್ಟುಕೊಂಡಿದ್ದಳು. ಮಗು ಬಾಯಿಬಿಟ್ಟಿರಲಿಲ್ಲ. ಪ್ರಾರ್ಥನೆ ತಪ್ಪದ ಮನೆ, ಪ್ರೀತಿಯ ತಂದೆತಾಯಿ. ಆದರೂ ಒಂದೇ ಸೂರಿನಡಿ ಈ ನೋವು ವರ್ಷಗಟ್ಟಲೆ ಅಡಗಿತ್ತು. ಎಲ್ಲರೂ ಹಟವೆಂದು ಕರೆದದ್ದು ಬಹುಮಟ್ಟಿಗೆ ಹೆದರಿಕೆಯಾಗಿತ್ತು.

ಆ ವೇಳೆಗೆ ಜೆಲಿ ಅವರಿಗೆ ಸ್ತನದ ಕ್ಯಾನ್ಸರ್ ಉಲ್ಬಣಿಸಿತ್ತು. ಅವರು ಕೆಲಸದಾಕೆಯ ಅಧಿಕಾರವನ್ನು ಕೊನೆಗೊಳಿಸಿ, ಮಗಳನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡರು. ಹುಡುಗಿ ತಾಯಿಯನ್ನು ಬಿಟ್ಟು ಕದಲದಾದಳು, ಮಾತು ಕೇಳತೊಡಗಿದಳು. ಈ ಮಗಳಿಗಾಗಿಯಾದರೂ ಇನ್ನಷ್ಟು ಕಾಲ ಬದುಕಬೇಕೆಂದು ತಾಯಿ ಆಸೆಪಟ್ಟರು. ಉಳಿದದ್ದು ಕೆಲವೇ ತಿಂಗಳು. 1877ರ ಆಗಸ್ಟ್ 28ರಂದು ಜೆಲಿ ತೀರಿಕೊಂಡರು. ಲಿಯೊನಿ ಮೂರು ಬಾರಿ ಕಾನ್ವೆಂಟು ಸೇರಿ ಮೂರು ಬಾರಿಯೂ ಹೊರಬಂದು, 1899ರಲ್ಲಿ ನಾಲ್ಕನೆಯ ಸಲ ಸೇರಿದಾಗ ನೆಲೆನಿಂತಳು. 1941ರಲ್ಲಿ ಸಾಯುವವರೆಗೂ ಕಾನ್ ಪಟ್ಟಣದ ಮಠದಲ್ಲಿ ತಂಗಿ ತೆರೇಸಳ ಕಿರುಹಾದಿಯನ್ನೇ ಹಿಡಿದು ಶಾಂತಿಯಿಂದ ಬಾಳಿದಳು. ಶಾಲೆಯಿಂದ ಹಿಂದೆ ಬಂದ ಆ ಹುಡುಗಿಯ ಸಂತಪದವಿಯ ವಿಚಾರಣೆ 2015ರಲ್ಲಿ ಆರಂಭವಾಯಿತು. ಅದೇ ವರ್ಷದ ಅಕ್ಟೋಬರ್ 18ರಂದು ಅವಳ ತಂದೆತಾಯಿಗಳನ್ನು ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು.

ಮಗಳನ್ನು ಅರ್ಥಮಾಡಿಕೊಳ್ಳಲು ತಡವಾದ ತಾಯಿಯೂ ಸಂತಳಾಗಬಹುದು ಎಂಬುದನ್ನು ಮರೆಯಬೇಡಿ. ಸತ್ಯ ತಿಳಿದ ದಿನ ಆಕೆ ತನ್ನನ್ನು ಸಮರ್ಥಿಸಿಕೊಳ್ಳಲಿಲ್ಲ, ಮಗುವನ್ನು ಅಪ್ಪಿಕೊಂಡಳು.

ಮಗುವಿನ ಮನಸ್ಸು, ನಮ್ಮ ಮನಸ್ಸು

ಮಗುವಿನ ವರ್ತನೆಯ ಹಿಂದೆ ಒಂದು ಮನಸ್ಸಿದೆ, ನನ್ನ ಕೋಪದ ಹಿಂದೆಯೂ ಒಂದು ಕಾರಣವಿದೆ ಎಂದು ತಡೆದು ಯೋಚಿಸುವುದನ್ನು ಇಂದಿನ ಮನಶ್ಶಾಸ್ತ್ರಜ್ಞರು ‘ರಿಫ್ಲೆಕ್ಟಿವ್ ಪೇರೆಂಟಿಂಗ್’ ಎನ್ನುತ್ತಾರೆ. ನಾವು ಇದನ್ನು ಆತ್ಮಾವಲೋಕನದ ಪಾಲನೆ ಎನ್ನಬಹುದು. ಅಮೆರಿಕದ ಸೆಲ್ಮಾ ಫ್ರೈಬರ್ಗ್ 1975ರಲ್ಲಿ ತೋರಿಸಿಕೊಟ್ಟಂತೆ, ತಂದೆತಾಯಿಗಳು ತಮ್ಮ ಬಾಲ್ಯದಲ್ಲಿ ಉಂಡ ನೋವು, ಮರೆತರೂ ಬಿಡದ ಭೂತದಂತೆ ಮಗುವಿನ ತೊಟ್ಟಿಲ ಬಳಿಗೆ ಬರುತ್ತದೆ. ಲಂಡನ್ನಿನಲ್ಲಿ ಪೀಟರ್ ಫೊನಗಿ ಮತ್ತು ಸಂಗಡಿಗರು ಸುಮಾರು ನೂರು ಗರ್ಭಿಣಿಯರನ್ನು ಅವರ ಬಾಲ್ಯದ ಬಗ್ಗೆ ಮಾತಾಡಿಸಿ, ಮಗುವಿಗೆ ಒಂದು ವರ್ಷವಾದಾಗ ತಾಯಿಮಗುವಿನ ಬಾಂಧವ್ಯವನ್ನು ಪರೀಕ್ಷಿಸಿದರು. ತಮ್ಮ ಬಾಲ್ಯವನ್ನು, ಕಹಿಯಿದ್ದರೂ, ತೆರೆದ ಮನಸ್ಸಿನಿಂದ ಅವಲೋಕಿಸಬಲ್ಲ ತಾಯಂದಿರ ಮಕ್ಕಳು ಹೆಚ್ಚು ನಿಶ್ಚಿಂತೆಯಿಂದ ತಾಯಿಗೆ ಅಂಟಿಕೊಂಡಿದ್ದರು. ಈ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಬಾಲ್ಯ ಸುಖವಾಗಿತ್ತೇ ಎಂಬುದಷ್ಟೇ ಅಲ್ಲ, ಅದನ್ನು ನಾವು ಎದುರಿಸಿ ನೋಡಿದ್ದೇವೆಯೇ ಎಂಬುದೂ ಮುಖ್ಯ.

ಇದು ನಮ್ಮ ಮನೆಯಲ್ಲಿ ಹೇಗೆ ಕೆಲಸ ಮಾಡುತ್ತದೆ? ಒಂದು ಉದಾಹರಣೆ ನೋಡೋಣ. ಏಳನೆಯ ತರಗತಿಯ ಮಗಳು ಗಣಿತದಲ್ಲಿ ನೂರಕ್ಕೆ 34 ತೆಗೆದಿದ್ದಾಳೆ. ಅಂಕಪಟ್ಟಿಯನ್ನು ಎರಡು ದಿನ ಬ್ಯಾಗಿನಲ್ಲೇ ಮುಚ್ಚಿಟ್ಟಿದ್ದಾಳೆ. ಮೂರನೆಯ ದಿನ ತಂದೆಯ ಕೈಗೆ ಸಿಕ್ಕಿದೆ. ಅವರಿಗೆ ರೇಗಿದೆ, ಕೈ ಮೇಲೇಳುತ್ತಿದೆ.

ಆ ಗಳಿಗೆಯಲ್ಲಿ ಮೂರು ಪ್ರಶ್ನೆಗಳು ಸಾಕು. ಮೊದಲನೆಯದು, ನನ್ನೊಳಗೆ ಏನಾಗುತ್ತಿದೆ? ಸಾಲ ಮಾಡಿ ಕಟ್ಟಿದ ಫೀಸಿನ ನೆನಪು, ತಂಗಿಯ ಮಕ್ಕಳ ಮುಂದೆ ತಲೆ ತಗ್ಗಿಸಬೇಕಾದೀತೆಂಬ ಅಳುಕು, ಇಂಥದೇ ದಿನ ತನ್ನ ಅಪ್ಪನಿಂದ ತಿಂದ ಬೆಲ್ಟಿನೇಟು. ಎರಡನೆಯದು, ಅವಳೊಳಗೆ ಏನಿರಬಹುದು? ಮುಚ್ಚಿಟ್ಟದ್ದು ಮೋಸಕ್ಕಿಂತ ಮೊದಲು ಹೆದರಿಕೆಯಿಂದ. ಎರಡು ರಾತ್ರಿ ಅವಳಿಗೆ ನಿದ್ದೆ ಬಂದಿರಲಾರದು. ಮೂರನೆಯದು, ಈಗ ಅವಳಿಗೆ ಬೇಕಾದದ್ದೇನು?

ಆಗ ಬಾಯಿಂದ ಬರುವ ಮಾತೇ ಬೇರೆ. ‘ಎರಡು ದಿನದಿಂದ ಇದನ್ನು ಒಬ್ಬಳೇ ಹೊತ್ತುಕೊಂಡಿದ್ದೀಯಲ್ಲ ಮಗಳೇ, ನನಗೆ ಹೇಳಲು ಅಷ್ಟು ಭಯವಾಯಿತೇ?’ ಅವಳು ಅಳಬಹುದು. ಅತ್ತು ಮುಗಿಸಲಿ. ಅನಂತರ ಮುಚ್ಚಿಟ್ಟದ್ದು ತಪ್ಪೆಂದು ಹೇಳಲೇಬೇಕು. ಯಾವ ಪಾಠದಿಂದ ಅರ್ಥವಾಗದೆ ಹೋಯಿತೆಂದು ಪುಸ್ತಕ ತೆರೆದು ನೋಡಲೇಬೇಕು. ಶಿಸ್ತು ಕೈಬಿಡುವ ಮಾತು ಇಲ್ಲಿಲ್ಲ. ಸಂತ ಪೌಲನು ಮಕ್ಕಳಿಗೆ ವಿಧೇಯತೆಯನ್ನು ಬೋಧಿಸಿದ ಬೆನ್ನಲ್ಲೇ ತಂದೆಯರತ್ತ ತಿರುಗಿ, ಮಕ್ಕಳನ್ನು ಕೆಣಕಿ ಅವರ ಮನಗುಂದಿಸಬಾರದೆಂದು ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ, ನಿಜ. ಆದರೆ ಗಿಡವನ್ನು ಬಗ್ಗಿಸುವ ಕೈ ಅದನ್ನು ಮುರಿಯಲೂ ಬಲ್ಲದು.

ರಾತ್ರಿಯ ಹತ್ತು ನಿಮಿಷ

ಆತ್ಮಾವಲೋಕನಕ್ಕೆ ನಾವು ಹೊಸದೊಂದು ವಿಧಾನವನ್ನು ಹುಡುಕಬೇಕಾಗಿಲ್ಲ. ಲೊಯೋಲದ ಸಂತ ಇಗ್ನೇಷಿಯಸ್ (1491–1556) ಬೋಧಿಸಿದ ದಿನದ ಆತ್ಮಶೋಧನೆ ತಂದೆತಾಯಿಗಳಿಗೂ ಹೇಳಿ ಮಾಡಿಸಿದಂತಿದೆ. ಅದರ ಐದು ಹೆಜ್ಜೆಗಳನ್ನು ಮಕ್ಕಳು ಮಲಗಿದ ಮೇಲೆ ಗಂಡಹೆಂಡಿರು ಒಟ್ಟಾಗಿ ಇಡಬಹುದು.

1. ಕೃತಜ್ಞತೆ. ಇಂದು ಮಗು ಕೊಟ್ಟ ಒಂದು ಸಂತೋಷವನ್ನು ನೆನೆದು ದೇವರಿಗೆ ವಂದಿಸಿ. ಅಂಕ, ಬಹುಮಾನವೇ ಆಗಬೇಕೆಂದಿಲ್ಲ. ತಮ್ಮನಿಗೆ ಬಿಸ್ಕತ್ತು ಮುರಿದುಕೊಟ್ಟದ್ದೂ ಆದೀತು.

2. ಬೆಳಕಿಗಾಗಿ ಬೇಡಿಕೆ. ಮಗುವನ್ನು ನನ್ನ ಕಣ್ಣಿನಿಂದಲ್ಲ, ನಿಮ್ಮ ಕಣ್ಣಿನಿಂದ ನೋಡುವಂತೆ ಮಾಡಿರೆಂದು ಪವಿತ್ರಾತ್ಮರನ್ನು ಬೇಡಿ.

3. ದಿನದ ಅವಲೋಕನ. ಬೆಳಗಿನಿಂದ ಮಗುವಿನೊಡನೆ ಆಡಿದ ಮಾತುಗಳನ್ನು ನೆನೆಯಿರಿ. ಆಜ್ಞೆ ಎಷ್ಟು, ಮಾತುಕತೆ ಎಷ್ಟು? ಯಾವಾಗ ದನಿ ಏರಿತು? ಆಗ ನನಗೆ ಹಸಿವೇ, ದಣಿವೇ, ಅವಮಾನವೇ?

4. ಕ್ಷಮಾಯಾಚನೆ. ಮೊದಲು ದೇವರಲ್ಲಿ. ಬೆಳಿಗ್ಗೆ ಎದ್ದ ಮೇಲೆ, ಅಗತ್ಯವಿದ್ದರೆ, ಮಗುವಿನಲ್ಲೂ. ‘ನಿನ್ನೆ ನಾನು ಹಾಗೆ ಕೂಗಬಾರದಿತ್ತು’ ಎಂಬ ಒಂದು ಮಾತು ಸಾಕು. ‘ಆದರೆ ನೀನೂ...’ ಎಂದು ಮುಂದುವರಿಸಬೇಡಿ.

5. ಸಂಕಲ್ಪ. ನಾಳೆಗೆ ಒಂದೇ ಒಂದು ಸಣ್ಣ ಕೆಲಸ.

ಗಾರ್ಮೆಂಟ್ಸ್ ಕಾರ್ಖಾನೆಯಿಂದ ದಣಿದು ಬರುವ ತಾಯಿಗೆ, ರಾತ್ರಿ ಪಾಳಿಯ ಚಾಲಕನಿಗೆ, ಕಾಫಿ ತೋಟದಲ್ಲಿ ದುಡಿಯುವವರಿಗೆ ಇದು ಸಾಧ್ಯವೇ? ಹತ್ತು ನಿಮಿಷ ಇಲ್ಲದಿದ್ದರೆ ಬಸ್ಸಿನ ದಾರಿಯಲ್ಲಿ ಐದು ನಿಮಿಷ. ಒಬ್ಬರೇ ಮಕ್ಕಳನ್ನು ಸಾಕುತ್ತಿರುವವರು ನಂಬಿಕೆಯ ಒಬ್ಬ ಗೆಳತಿಯೊಡನೆ ವಾರಕ್ಕೊಮ್ಮೆ ಮಾತಾಡಲಿ.

ಕೆಲವು ಪ್ರಶ್ನೆಗಳು

ಹಾಗಾದರೆ ಮಕ್ಕಳನ್ನು ಶಾಲೆಯಿಂದ ಬಿಡಿಸಬೇಕೇ? ಅದು ಈ ಪಾಠದ ಉದ್ದೇಶವಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಮಗುವನ್ನು ಶಾಲೆಗೆ ಸೇರಿಸುವ ಹೊಣೆಯನ್ನು ತಂದೆತಾಯಿಗಳ ಮೇಲಿಟ್ಟಿದೆ. ಮನೆಯಲ್ಲೇ ಕಲಿಯುವ ಮಕ್ಕಳ ಬಗ್ಗೆ ಕಾಯ್ದೆಯಲ್ಲಿ ಪ್ರತ್ಯೇಕ ಮಾತಿಲ್ಲ. ಆ ದಾರಿ ಹಿಡಿದ ಅನೇಕ ಕುಟುಂಬಗಳು 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಸುತ್ತವೆ. ಓದುಬರಹ ಬಲ್ಲ, ಬಿಡುವಿರುವ, ಪುಸ್ತಕವಿರುವ ಮನೆಗೆ ಮಾತ್ರ ಅದು ಸಾಧ್ಯ. ಬಡ ಮನೆಯ ಮಗುವಿಗೆ, ಅದರಲ್ಲೂ ಹೆಣ್ಣುಮಗುವಿಗೆ, ಶಾಲೆಯೆಂದರೆ ಕೂಲಿಯಿಂದಲೂ ಬಾಲ್ಯವಿವಾಹದಿಂದಲೂ ರಕ್ಷಣೆ, ಮಧ್ಯಾಹ್ನದ ಬಿಸಿಯೂಟ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಯಾರ ಮಕ್ಕಳು ಹಿಂದೆ ಬಿದ್ದರೆಂದು ನಾವು ಕಣ್ಣಾರೆ ಕಂಡಿದ್ದೇವೆ.

ಮಗುವಿಗೆ ಇಷ್ಟವಿಲ್ಲದಿದ್ದರೆ ಭಾನುವಾರದ ಬಲಿಪೂಜೆಗೂ ಬಿಟ್ಟುಬಿಡಬೇಕೇ? ಊಟ, ಸ್ನಾನದಂತೆ ಮನೆಮಂದಿಯೆಲ್ಲ ಒಟ್ಟಾಗಿ ಮಾಡುವ ಕೆಲಸಗಳಿರುತ್ತವೆ, ಬಲಿಪೂಜೆಯೂ ಹಾಗೆಯೇ. ಆದರೆ ‘ಬೇಸರವಾಗುತ್ತದೆ’ ಎಂದ ಮಗುವಿನ ಬಾಯಿ ಮುಚ್ಚಿಸಬೇಡಿ. ಏಕೆ ಬೇಸರ ಎಂದು ಕೇಳಿ. ಪ್ರಬೋಧನೆ ಅರ್ಥವಾಗುವುದಿಲ್ಲವೇ, ಗೆಳೆಯರು ಯಾರೂ ಇಲ್ಲವೇ, ಅಥವಾ ಅಲ್ಲಿ ಯಾರಾದರೂ ನೋಯಿಸಿದ್ದಾರೆಯೇ? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಲಿಯೊನಿಯ ನೆನಪಿಟ್ಟುಕೊಂಡು ಕೇಳಿಸಿಕೊಳ್ಳಿ.

ಏಟಿಲ್ಲದೆ ಮಕ್ಕಳು ಬುದ್ಧಿ ಕಲಿಯುತ್ತಾರೆಯೇ? ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಅದೇ ಕಾಯ್ದೆ ನಿಷೇಧಿಸಿದೆ. ಸಂತ ಡಾನ್ ಬೋಸ್ಕೊ ಬೀದಿಯ ಒರಟು ಹುಡುಗರನ್ನೇ ವಿವೇಕ, ಧರ್ಮ ಮತ್ತು ವಾತ್ಸಲ್ಯ ಎಂಬ ಮೂರರಿಂದ ತಿದ್ದಿದರು; ಆ ಪದ್ಧತಿಯನ್ನು 1877ರಲ್ಲಿ ಬರೆದಿಟ್ಟರು. ನಮ್ಮ ಮನೆಯ ಮಕ್ಕಳು ಅವರಿಗಿಂತ ಕಷ್ಟದವರೇನಲ್ಲ.

ಚರ್ಚೆಗೆ (ಮನೆಯಲ್ಲಿ ಅಥವಾ ಕಿರು ಕ್ರೈಸ್ತ ಸಮುದಾಯದಲ್ಲಿ)

1. ನಮ್ಮ ಮಗು ಶಾಲೆಯ ಹೊರಗೆ, ಯಾರೂ ಹೇಳದೆ, ತಾನಾಗಿಯೇ ಕಲಿತ ಒಂದು ವಿಷಯ ಯಾವುದು?

2. ನಮ್ಮ ತಂದೆತಾಯಿಗಳಿಂದ ನಾವು ಪಡೆದದ್ದರಲ್ಲಿ ಮಕ್ಕಳಿಗೆ ಯಾವುದನ್ನು ದಾಟಿಸಬೇಕು, ಯಾವುದನ್ನು ನಮ್ಮಲ್ಲೇ ನಿಲ್ಲಿಸಬೇಕು?

3. ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ ‘ಹಟಮಾರಿ’ ಎಂದು ಹೆಸರಾದ ಮಗು ಯಾವುದು? ಅದರ ಮಾತನ್ನು ಯಾರಾದರೂ ಕೂತು ಕೇಳಿದ್ದಾರೆಯೇ?

ಈ ವಾರದ ಸಂಕಲ್ಪ

ದಿನಕ್ಕೆ ಕಾಲು ಗಂಟೆ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಒಂದು ಮಗುವಿನ ಜೊತೆ ಅದು ಹೇಳಿದ ಕೆಲಸದಲ್ಲಿ ಅಥವಾ ಆಟದಲ್ಲಿ ಕೂಡಿರುವುದು. ಆ ಹೊತ್ತಿನಲ್ಲಿ ಕಲಿಸುವುದಿಲ್ಲ, ತಿದ್ದುವುದಿಲ್ಲ, ಓದಿನ ಮಾತೆತ್ತುವುದಿಲ್ಲ.

ಪ್ರಾರ್ಥನೆ

ಓ ದೇವರೇ, ನಮ್ಮ ಮಕ್ಕಳು ನಮ್ಮವರಾಗುವ ಮೊದಲೇ ನಿಮ್ಮವರು. ನಮಗೆ ಅರ್ಥವಾಗದ ಅವರ ಮಾತನ್ನು, ಮರಿಯಮ್ಮನವರಂತೆ, ಹೃದಯದಲ್ಲಿ ಇಟ್ಟುಕೊಳ್ಳುವ ತಾಳ್ಮೆಯನ್ನು ಕೊಡಿ. ಅವರು ಬಾಯಿಬಿಟ್ಟು ಹೇಳಲಾರದ ನೋವು ನಮ್ಮ ಮನೆಯಲ್ಲಿ ಅಡಗಿದ್ದರೆ ಅದನ್ನು ನಮಗೆ ತೋರಿಸಿಕೊಡಿ. ಆಮೆನ್.